ಗದಗದಿಂದ ರೋಣದ ಕಡೆಗೆ ಸೈಕಲ್‌ನಲ್ಲಿ ಬಂದೆ, ನಡುವಿನ ನೆಲ ಈಗ ಗೊತ್ತಾಯಿತು

ಎರೆಹೊಲ

ಎಲ್ಲರಿಗೂ ನಮಸ್ಕಾರ. ನನ್ನದು ರೋಣ ತಾಲ್ಲೂಕಿನ ಒಂದು ಹಳ್ಳಿ. ಬೆಂಗಳೂರು ಸೇರಿ ಹದಿನೆಂಟು ವರ್ಷವಾಯಿತು. ಹಬ್ಬಕ್ಕೋ ಮದುವೆಗೋ ಊರಿಗೆ ಬರುತ್ತಲೇ ಇರುತ್ತೇನೆ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಗದಗ. ಅಲ್ಲಿಗೆ ತಮ್ಮ ಬೈಕ್ ತಂದರೆ ಒಂದು ಗಂಟೆಯೊಳಗೆ ಮನೆ. ಆ ನಲವತ್ತು ಕಿ.ಮೀ. ನಡುವೆ ಏನಿದೆ ಅಂತ ಯಾರಾದರೂ ಕೇಳಿದ್ದರೆ "ಹೊಲ ಇದೆ" ಅಂತ ಹೇಳುತ್ತಿದ್ದೆ. ಅಷ್ಟೇ ಗೊತ್ತಿತ್ತು.

ಈ ಸಲ ಎಳ್ಳಮವಾಸ್ಯೆಗೆ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಬಂದೆ. ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿದರೆ ಲಗೇಜ್ ಡಬ್ಬಿಯಲ್ಲಿ ತರಬಹುದು. ಗದಗದಲ್ಲಿ ಇಳಿದಾಗ ಇನ್ನೂ ಕತ್ತಲು. ಲೈಟ್ ಹಾಕಿಕೊಂಡು ಊರು ದಾಟಿದೆ. ಬೆಳಕು ಹರಿದಾಗ ಎರಡೂ ಕಡೆ ಎರೆಭೂಮಿ. ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಬದುವಿನ ಗುಂಟ ಮುಳ್ಳಿನ ಕುಸುಬಿ ಹಾಕಿದ್ದರು, ದನ ಒಳಗೆ ನುಗ್ಗಬಾರದು ಅಂತ. ಬಸ್ಸಿನಿಂದ ನೋಡಿದಾಗ ಅದೂ ಇದೂ ಎಲ್ಲ ಬರೀ ಹಸಿರು, ಅಲ್ವಾ?

ಒಂದು ಕಡ್ಲಿ ಹೊಲದಲ್ಲಿ ಒಬ್ಬ ಹೆಣ್ಣುಮಗಳು ಬಿಳಿ ಬಟ್ಟೆಯೊಂದನ್ನು ಗಿಡಗಳ ಮೇಲೆ ಎಳೆಯುತ್ತಾ ಹೋಗುತ್ತಿದ್ದಳು. ಸ್ವಲ್ಪ ದೂರ ಎಳೆದು, ಆಮೇಲೆ ಆ ಬಟ್ಟೆಯನ್ನು ಒಂದು ತಂಬಿಗೆಗೆ ಹಿಂಡಿದಳು. ನಾನು ಸೈಕಲ್ ನಿಲ್ಲಿಸಿ ನೋಡುತ್ತಿದ್ದೆ. "ಏನ್ ನೋಡ್ತಿ ತಮ್ಮಾ, ಕಡ್ಲಿ ಹುಳಿ ಇದು. ನೆಕ್ಕಿ ನೋಡು" ಅಂದಳು. ಎಲೆ ಮುಟ್ಟಿ ಬೆರಳು ನಾಲಿಗೆಗೆ ಇಟ್ಟೆ. ಹುಣಸೆಯಷ್ಟು ಹುಳಿ! ಕಡಲೆ ಎಲೆಯ ಮೇಲೆ ಬೀಳುವ ಇಬ್ಬನಿಗೆ ಗಿಡದ ಹುಳಿ ಇಳಿಯುತ್ತದೆ. ಅದನ್ನು ಹೀಗೆ ಹಿಂಡಿ ಸೀಸೆಯಲ್ಲಿ ಇಟ್ಟುಕೊಂಡು ಹೊಟ್ಟೆನೋವಿಗೆ ಕೊಡುತ್ತಾರೆ. ನಮ್ಮಜ್ಜಿಯ ಮಾಡದಲ್ಲಿ ಅಂಥದೊಂದು ಸೀಸೆ ಇತ್ತು. ಅದರೊಳಗೆ ಏನಿತ್ತು ಅಂತ ನನಗೆ ನಲವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ಎಂಟೂವರೆಗೆ ಮೂಡಗಾಳಿ ಎದ್ದಿತು. ಬಲಗಡೆಯಿಂದ ಹೊಡೆಯುತ್ತಿತ್ತು. ದೂರದ ಗಾಳಿ ಫ್ಯಾನ್‌ಗಳೆಲ್ಲ ಮೂಡಣಕ್ಕೆ ಮುಖ ಮಾಡಿ ನಿಂತಿದ್ದವು. ಮಳೆಗಾಲದಲ್ಲಿ ಅವು ಪಡುವಣಕ್ಕೆ ತಿರುಗುತ್ತವೆ. ಇಷ್ಟು ವರ್ಷ ಆ ಫ್ಯಾನ್ ನೋಡಿದ್ದೇನೆ, ಯಾವ ಕಡೆ ಮುಖ ಮಾಡಿವೆ ಅಂತ ಒಮ್ಮೆಯೂ ನೋಡಿರಲಿಲ್ಲ. ಇನ್ನೊಂದು ವಿಷಯ. ಬಯಲುಸೀಮೆ ಅಂದರೆ ರೊಟ್ಟಿ ಹಂಚಿನ ಹಾಗೆ ಚಪ್ಪಟೆ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ನೆಲ ಅಲೆ ಅಲೆಯಾಗಿದೆ. ಪ್ರತಿ ಇಳಿಜಾರಿನ ತಳದಲ್ಲಿ ಒಂದು ಹಳ್ಳ, ಹಳ್ಳದ ದಂಡೆಗೆ ಜಾಲಿ, ಮತ್ತೆ ಏರು. ಇದನ್ನು ತೊಡೆ ಹೇಳಿತು, ಕಣ್ಣು ಹೇಳಿರಲಿಲ್ಲ.

ಅರ್ಧ ದಾರಿಯಲ್ಲಿ ಹೊಲದಿಂದ ಒಬ್ಬ ಅಜ್ಜಿ ಕೂಗಿದಳು. "ಏ ತಮ್ಮಾ, ಸೈಕಲ್ ನಿಂದ್ರಸು. ಇವತ್ತ ಹಸದು ಹೋಗಬಾರದು." ಚರಗ ಚೆಲ್ಲುವ ಹೊತ್ತು. ಒಬ್ಬ ಮುಂದೆ "ಹುಲ್ಲುಲ್ಲಿಗೋ" ಅನ್ನುತ್ತಾ ಎಡೆ ಚೆಲ್ಲುತ್ತಿದ್ದ, ಹಿಂದಿನವನು "ಚಲ್ಲಂಬರಿಗೋ" ಅನ್ನುತ್ತಾ ನೀರು ಚಿಮುಕಿಸುತ್ತಿದ್ದ. ನನ್ನನ್ನೂ ಸಾಲಿನಲ್ಲಿ ಕೂರಿಸಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ. ಊರು ಯಾವುದು, ಯಾರ ಪೈಕಿ ಅಂತ ಊಟದ ಆಮೇಲೆ ಕೇಳಿದರು, ಮೊದಲು ಕೇಳಲಿಲ್ಲ.

ಮನೆ ಮುಟ್ಟಿದಾಗ ಮೂರು ಗಂಟೆ. ಅವ್ವ ಬೈಯಲು ಕಾದಿದ್ದಳು. ಎಲ್ಲಿ ಉಂಡೆ ಅಂತ ಹೇಳಿದ ಮೇಲೆ, "ಆ ಊರಿಗೆ ನಮ್ಮ ದೊಡ್ಡವ್ವನ ಕೊಟ್ಟಾರಲ್ಲ" ಅಂದು ಒಂದು ಗಂಟೆ ಕಥೆ ಹೇಳಿದಳು. ಹದಿನೆಂಟು ವರ್ಷದಲ್ಲಿ ಆ ದೊಡ್ಡವ್ವನ ಹೆಸರು ಬಂದೇ ಇರಲಿಲ್ಲ. ನಾನು ಆ ಊರಲ್ಲಿ ನಿಂತದ್ದಕ್ಕೆ ಬಂತು.

ಎರಡು ವಾರ ಇಲ್ಲೇ ಇರುತ್ತೇನೆ, ಮನೆಯಿಂದಲೇ ಕೆಲಸ. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ, ಆಮೇಲೆ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮದವರೆಗೆ ಹೋಗುವ ಆಸೆ. ಹೀಗೆ ನಿಧಾನವಾಗಿ ಓಡಾಡಿದವರು ಬರೆಯಿರಿ. ನಿಮ್ಮ ದಾರಿಯಲ್ಲಿ ನಿಮಗೆ ಏನು ಸಿಕ್ಕಿತು?

ನಾಲೆ ಏರಿ

ಓದಿ ಕಣ್ಣು ತುಂಬಿ ಬಂತು. ಕಡಲೆ ಹುಳಿ ಬಗ್ಗೆ ನಾನು ಕೇಳಿರಲೇ ಇಲ್ಲ.

ನಾನು ಮೈಸೂರಿನವಳು, ಹುಟ್ಟಿದ್ದು ಬನ್ನೂರಿನ ಹತ್ತಿರ. ಎಂಟನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಸಿಕ್ಕಿತು. 2006-07ರಲ್ಲಿ ಆ ಯೋಜನೆ ಶುರುವಾದಾಗಿನ ಮಾತು. ನಮ್ಮ ಊರಿನಿಂದ ಹೈಸ್ಕೂಲಿಗೆ ನಾವು ಏಳು ಹುಡುಗಿಯರು ಸಾಲಾಗಿ ಹೋಗುತ್ತಿದ್ದೆವು. ಅದಕ್ಕೂ ಮೊದಲು ನಮ್ಮ ಅಕ್ಕನ ಕಾಲದಲ್ಲಿ ಏಳನೇ ತರಗತಿಗೇ ಓದು ನಿಲ್ಲುತ್ತಿತ್ತು, ಯಾಕೆಂದರೆ ಬಸ್ಸಿಲ್ಲ. ಹಾಗಾಗಿ ಸೈಕಲ್ ನನಗೆ ಹವ್ಯಾಸ ಆಗಿ ಬಂದದ್ದಲ್ಲ. ಓದು ಕೊಟ್ಟ ವಸ್ತು ಅದು.

ಈಗ ಬಿಡುವಿದ್ದಾಗ ನಾಲೆ ಏರಿಗಳ ಮೇಲೆ ಹೋಗುತ್ತೇನೆ. ನಾಲೆ ಏರಿ ಸೈಕಲ್ಲಿಗೆ ಹೇಳಿ ಮಾಡಿಸಿದ ದಾರಿ. ನೀರು ಹರಿಯಬೇಕಲ್ಲ, ಅದಕ್ಕೇ ಇಳಿಜಾರು ತೀರಾ ಸಣ್ಣದು. ಗುಡ್ಡ ಎದುರಾದರೆ ನಾಲೆ ಬಳಸಿಕೊಂಡು ಹೋಗುತ್ತದೆ, ನಾವೂ ಅದರ ಜೊತೆ ಬಳಸುತ್ತೇವೆ. ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ ಎಲ್ಲ ಕನ್ನಂಬಾಡಿ ಕಟ್ಟೆಗಿಂತ ಎಷ್ಟೋ ಹಳೆಯವು. ನಾಲೆಯ ಒಂದು ಕಡೆ ಭತ್ತ, ಇನ್ನೊಂದು ಕಡೆ ಎತ್ತರದ ಒಣ ಹೊಲದಲ್ಲಿ ರಾಗಿ, ಹುರುಳಿ. ನೀರು ಎಲ್ಲಿವರೆಗೆ ಮುಟ್ಟುತ್ತದೆ ಅನ್ನುವ ಗೆರೆ ನೆಲದ ಮೇಲೆ ಎದ್ದು ಕಾಣುತ್ತದೆ. ಯಾರ ಮನೆ ಹಂಚಿನದು, ಯಾರ ಮನೆ ತಾರಸಿಯದು ಅನ್ನುವುದೂ ಬಹಳ ಸಲ ಆ ಗೆರೆಯ ಮೇಲೇ ನಿಂತಿದೆ.

ಆಲೆಮನೆ ಇದ್ದರೆ ಒಂದು ಕಿ.ಮೀ. ಮೊದಲೇ ಮೂಗಿಗೆ ಗೊತ್ತಾಗುತ್ತದೆ. ನಿಂತು ಮಾತಾಡಿಸಿದರೆ ಒಂದು ಲೋಟ ಕಬ್ಬಿನ ಹಾಲು ಕೊಡದೆ ಕಳಿಸಿದವರನ್ನು ನಾನು ನೋಡಿಲ್ಲ.

ಹೊಸಬರಿಗೆ ಒಂದು ಮಾತು: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್, ಸೈಕಲ್ ಯಾವುದಕ್ಕೂ ಬಿಡುವುದಿಲ್ಲ. ಸರ್ವೀಸ್ ರಸ್ತೆ ಹಿಡಿಯಬೇಕು. ಅದಕ್ಕಿಂತ ಬನ್ನೂರು, ಸೋಮನಾಥಪುರ, ತಲಕಾಡು ದಾರಿ ಚೆನ್ನ.

ಒಂಟಿ ಹೆಣ್ಣುಮಗಳು ಹೋಗಬಹುದಾ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಹೋಗಬಹುದು. ನಾನು ಹೋಗುತ್ತೇನೆ. ಭಯ ಇಲ್ಲ ಅಂತಲ್ಲ. ಸಂಜೆ ಐದರ ಮೇಲೆ ದಾರಿಯಲ್ಲಿ ಇರುವುದಿಲ್ಲ. ರಾತ್ರಿ ಎಲ್ಲಿ ಉಳಿಯುತ್ತೇನೆ ಅಂತ ದಾರಿಯಲ್ಲಿ ಸಿಕ್ಕವರಿಗೆ ಹೇಳುವುದಿಲ್ಲ. ಸುಸ್ತಾದರೆ ಅಂಗನವಾಡಿ, ಶಾಲೆ, ಇಲ್ಲಾ ಹೆಂಗಸರು ಕೂತ ಜಗುಲಿ ನೋಡಿ ಕೂರುತ್ತೇನೆ. "ಒಬ್ಳೇ ಬಂದಿದ್ದೀಯಾ ಮಗಾ?" ಅನ್ನುವ ಪ್ರಶ್ನೆಯಲ್ಲಿ ಹತ್ತಕ್ಕೆ ಒಂಬತ್ತು ಸಲ ಕಾಳಜಿಯೇ ಇರುತ್ತದೆ. ಒಂದು ಊರಿನಲ್ಲಿ ಮಾತ್ರ ಒಂಟಿ ಹೆಂಗಸು, ಜೊತೆಗೆ ಸೈಕಲ್ ಅಂತ ಲಾಡ್ಜಿನವರು ರೂಮ್ ಕೊಡಲಿಲ್ಲ. ಆ ರಾತ್ರಿ ಉಳಿಸಿಕೊಂಡದ್ದು ಎದುರಿನ ಹೂವಿನ ಅಂಗಡಿಯ ಅಮ್ಮ. ಬೆಳಗ್ಗೆ ಎದ್ದು ಅವರ ಜೊತೆ ಎರಡು ಮಾರು ಹೂ ಕಟ್ಟಿಕೊಟ್ಟು ಹೊರಟೆ.

ಹೊಳೆದಂಡೆ ಮಾಸ್ತರ

ತಮ್ಮಾ ಎರೆಹೊಲ, ನೀನು ನಮ್ಮ ಕಡೆಯವನೇ. ಸಂತೋಷವಾಯಿತು.

ನಾನು ಪ್ರಾಥಮಿಕ ಶಾಲೆ ಮಾಸ್ತರ, ಈಗ ನಿವೃತ್ತ. ಮಲಪ್ರಭಾ ದಂಡೆಯ ನಮ್ಮೂರಿನಿಂದ ಹನ್ನೊಂದು ಕಿ.ಮೀ. ದೂರದ ಶಾಲೆಗೆ ಇಪ್ಪತ್ತಾರು ವರ್ಷ ಅಟ್ಲಾಸ್ ಸೈಕಲ್ ಹೊಡೆದೆ. ಶುರುವಿನಲ್ಲಿ ಸೈಕಲ್ಲಿಗೂ ಲೈಸೆನ್ಸ್ ಬಿಲ್ಲೆ ಇರುತ್ತಿತ್ತು. ಹಿತ್ತಾಳೆಯದು, ಹ್ಯಾಂಡಲ್ ಕೆಳಗೆ ಬಡಿಯುತ್ತಿದ್ದರು. ಡೈನಮೋ ಲೈಟ್ ಇಲ್ಲದೆ ರಾತ್ರಿ ಹೊರಟರೆ ದಂಡ.

ನಿನಗೆ ನೀರಿನ ವಿಷಯ ಹೇಳಬೇಕು. ಎರೆ ಭಾಗದಲ್ಲಿ ಎಲ್ಲ ಊರಿನ ನೀರೂ ಕುಡಿಯಲು ಬರುವುದಿಲ್ಲ. ಎಷ್ಟೋ ಬಾವಿ, ಬೋರು ಸವುಳು. ಸೈಕಲ್ ಹೊಡೆಯುವವನಿಗೆ ಯಾವ ಊರಿನ ನೀರು ಸಿಹಿ ಅನ್ನುವುದು ಗೊತ್ತಿರಬೇಕಿತ್ತು. ಹಳೇ ದಾರಿಗಳೂ ಸಿಹಿನೀರು ಇದ್ದಲ್ಲಿಗೇ ಹೋಗುತ್ತವೆ, ನೇರ ಹೋಗುವುದಿಲ್ಲ. ಹೊಸ ರಸ್ತೆ ನೇರ ಇದೆ, ನೀರು ಬಾಟಲಿಯಲ್ಲಿ ಬರುತ್ತದೆ. ಈಗ ಎಷ್ಟೋ ಊರಲ್ಲಿ ಶುದ್ಧ ನೀರಿನ ಘಟಕ ಇದೆ, ನಾಣ್ಯ ಇಟ್ಟುಕೋ.

ಗಾಳಿಯ ಬಗ್ಗೆ ನೀನು ಸರಿಯಾಗಿ ಕಂಡುಕೊಂಡಿದ್ದೀ. ಚಳಿಗಾಲದಲ್ಲಿ ಬೆಳಗಿನ ಆರರಿಂದ ಒಂಬತ್ತರ ಒಳಗೆ ಮುಕ್ಕಾಲು ದಾರಿ ಮುಗಿಸು. ಆಮೇಲೆ ಗಾಳಿ ಎದ್ದರೆ ಸುಮ್ಮನೆ ದಣಿವು.

ಇನ್ನೊಂದು. ರೋಣದಿಂದ ಬಾದಾಮಿಗೆ ಹೋಗುವಾಗ ನೆಲದ ಬಣ್ಣ ನೋಡು. ಹೊಳೆ ದಾಟುವವರೆಗೆ ಕರಿ ಎರೆ. ದಾಟಿದ ಮೇಲೆ ಮಣ್ಣಿಗೆ ಮರಳು ಬೆರೆಯುತ್ತದೆ, ಕೆಂಪಾಗುತ್ತದೆ, ಆಮೇಲೆ ಒಮ್ಮೆಗೇ ಬಾದಾಮಿಯ ಕೆಂಪು ಬಂಡೆ ಎದ್ದು ನಿಲ್ಲುತ್ತದೆ. ಆ ಮರಳುಗಲ್ಲು ಮೆತ್ತಗೆ ಉಳಿಗೆ ಬಗ್ಗುವುದರಿಂದಲೇ ಚಾಲುಕ್ಯರು ಅಲ್ಲಿ ಗುಹೆ ಕೊರೆದರು. ಅಲ್ಲಿನ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು. ಮಕ್ಕಳಿಗೆ ಇದನ್ನು ಪುಸ್ತಕದಿಂದ ಹೇಳಿದರೆ ತಲೆಗೆ ಹೋಗುತ್ತಿರಲಿಲ್ಲ. ಒಂದು ವರ್ಷ ಏಳನೇ ತರಗತಿಯ ಹನ್ನೆರಡು ಹುಡುಗರನ್ನು ಸೈಕಲ್ ಮೇಲೆ ಕರೆದುಕೊಂಡು ಹೋದೆ. ಪ್ರತಿ ನಾಲ್ಕು ಕಿ.ಮೀ.ಗೆ ಒಂದು ಹಿಡಿ ಮಣ್ಣು ಪೊಟ್ಟಣ ಕಟ್ಟಿಸಿದೆ. ಶಾಲೆಯ ಗೋಡೆಗೆ ಸಾಲಾಗಿ ಅಂಟಿಸಿದೆವು. ಕಪ್ಪಿನಿಂದ ಕೆಂಪಿನವರೆಗೆ. ಆ ಹುಡುಗರು ಈಗಲೂ ಸಿಕ್ಕಾಗ ಆ ಪೊಟ್ಟಣದ ಮಾತೇ ಆಡುತ್ತಾರೆ.

ಬರುವಾಗ ನಮ್ಮೂರಿಗೆ ಬಾ. ನಿನಗೆ ಒಂದು ಗೋಡೆ ತೋರಿಸಬೇಕು.

ಇನ್ನೂರು ಮುನ್ನೂರು

ನಾನು ಬ್ರೆವೆ ಹೊಡೆಯುವವನು, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಗಡುವು. ಎಲ್ಲರೂ ನಿಧಾನದ ಬಗ್ಗೆ ಬರೆಯುತ್ತಿದ್ದೀರಿ, ಖುಷಿ. ಆದರೆ ದೂರ ಹೊಡೆಯುವವರಿಗೆ ನೆಲದ ನಂಟು ಇಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ.

ನಾವು ರಾತ್ರಿಯನ್ನು ನೋಡುತ್ತೇವೆ. ಊರುಗಳ ರಾತ್ರಿ ಬೇರೆಯೇ ಲೋಕ. ಒಮ್ಮೆ 300ರ ದಾರಿಯಲ್ಲಿ ರಾತ್ರಿ ಎರಡರ ಹೊತ್ತಿಗೆ ಒಂದು ಸಣ್ಣ ಊರಿನಲ್ಲಿ ದೀಪ, ಹಾರ್ಮೋನಿಯಂ ಸದ್ದು. ಜಾತ್ರೆಯ ನಾಟಕ. ಊರಿನ ಹುಡುಗರೇ ಪಾತ್ರ. ಹಿಂದೆ ಚಾಪೆ ಮೇಲೆ ಮಕ್ಕಳು ನಿದ್ದೆ, ಮುಂದೆ ಅಜ್ಜಂದಿರು ಕಣ್ಣು ಮಿಟುಕಿಸದೆ ಕೂತಿದ್ದಾರೆ. ಒಬ್ಬರು ಕಂಬಳಿಯ ಒಂದು ತುದಿ ನನ್ನ ಕಡೆ ಸರಿಸಿದರು. ಮಾತೇ ಇಲ್ಲ. ನಾನು 20 ನಿಮಿಷ ಕೂತೆ. ಕೊನೆಗೆ ಗಡುವಿಗೆ 9 ನಿಮಿಷ ಮೊದಲು ಮುಟ್ಟಿದೆ. ಆ ರಾತ್ರಿಯಿಂದ ನೆನಪಿರುವುದು ಆ ಕಂಬಳಿಯ ವಾಸನೆ.

ನಮ್ಮ ರಾಜ್ಯದಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ಎಷ್ಟೋ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ. ಅಲ್ಲಿನ ರಸ್ತೆಗಳಲ್ಲಿ ಬೆಳಗ್ಗೆ ಐದಕ್ಕೆ ಹುಡುಗ ಹುಡುಗಿಯರು ಸಾಲಾಗಿ ತಾಲೀಮು ಮಾಡುವುದನ್ನು ನೋಡಬೇಕು. ಅವರೂ ಆ ಗಾಳಿಯ ಮಕ್ಕಳೇ. ಜೋರಾಗಿ ಹೋಗುತ್ತಾರೆ, ಆದರೆ ಆ ರಸ್ತೆಯ ಒಂದೊಂದು ಗುಂಡಿಯನ್ನೂ ಬಲ್ಲರು.

ಎರೆಹೊಲ

ಇನ್ನೂರು ಮುನ್ನೂರು ಅವರೇ, ಒಪ್ಪಿದೆ. ವೇಗ ಎಷ್ಟು ಅನ್ನುವುದಕ್ಕಿಂತ ನಿಲ್ಲುವುದಕ್ಕೆ ಮನಸ್ಸಿದೆಯಾ ಅನ್ನುವುದು ಮುಖ್ಯ ಅಂತ ನನಗೂ ಅನಿಸುತ್ತಿದೆ. ಕಾರಿನಲ್ಲೂ ನಿಲ್ಲಬಹುದು, ಆದರೆ ನಿಲ್ಲುವುದಿಲ್ಲ. ಬ್ರೇಕ್ ಹಾಕುವಷ್ಟರಲ್ಲಿ ಆ ಹೊಲ ಹಿಂದೆ ಹೋಗಿರುತ್ತದೆ.

ಮಾಸ್ತರ ಸರ್, ಖಂಡಿತ ಬರುತ್ತೇನೆ.

ಖಣದ ಗಂಟು

ನಾನು ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಮ್ಮದು ಗುಳೇದಗುಡ್ಡ. ಅಪ್ಪ ಖಣ, ಅಂದರೆ ರವಿಕೆ ಬಟ್ಟೆ, ಮಾರುತ್ತಿದ್ದರು. ನೇಕಾರರ ಮನೆಯಿಂದ ಖಣ ತಂದು, ಗಂಟು ಕಟ್ಟಿ, ಸೈಕಲ್ ಕ್ಯಾರಿಯರ್ ಮೇಲೆ ಇಟ್ಟುಕೊಂಡು ಊರೂರು ತಿರುಗುತ್ತಿದ್ದರು. ಗಂಟು ಅವರ ತಲೆಗಿಂತ ಎತ್ತರ ಇರುತ್ತಿತ್ತು. ಎದುರುಗಾಳಿ ಬಂದರೆ ಇಳಿದು ತಳ್ಳಬೇಕು. ಬೇಸಿಗೆಯಲ್ಲಿ ಡಾಂಬರು ಕರಗಿ ಟೈರಿಗೆ ಹತ್ತುತ್ತಿತ್ತು. ಐವತ್ತಕ್ಕೇ ಮೊಣಕಾಲು ಹೋಯಿತು. ಒಂದು ಟಿವಿಎಸ್ ಗಾಡಿ ತಗೋಬೇಕು ಅನ್ನುವುದೇ ಅವರ ದೊಡ್ಡ ಆಸೆ. ನನಗೆ ಕೆಲಸ ಸಿಕ್ಕು ಕೊಡಿಸುವಷ್ಟರಲ್ಲಿ ಅವರು ಇರಲಿಲ್ಲ.

ಹಾಗಾಗಿ ಸೈಕಲ್‌ನಲ್ಲಿ ಹೋದರೆ ನೆಲದ ನಂಟು ಸಿಗುತ್ತದೆ ಅಂತ ಓದಿದಾಗ ನನಗೆ ಮೊದಲು ಸಿಟ್ಟು ಬಂತು. ನಮಗೆ ಬೇಕಾದರೆ ಹತ್ತುತ್ತೇವೆ, ಬೇಡವಾದರೆ ಇಳಿಯುತ್ತೇವೆ. ಅವರಿಗೆ ಇಳಿಯುವ ಹಾಗಿರಲಿಲ್ಲ.

ಆದರೆ ಮಾಸ್ತರರು ಸಿಹಿನೀರಿನ ಬಗ್ಗೆ ಬರೆದದ್ದು ಓದಿ ಬೇರೆ ಒಂದು ನೆನಪಾಯಿತು. ಅಪ್ಪ ಸಂಜೆ ಬಂದು ಊಟಕ್ಕೆ ಕೂತರೆ ಆ ದಿನದ ಊರುಗಳೆಲ್ಲ ತಟ್ಟೆಯ ಮುಂದೆ ಬರುತ್ತಿದ್ದವು. ಯಾರ ಮನೆಯಲ್ಲಿ ಮಗಳು ಬಸುರಿ, ಸೀಮಂತಕ್ಕೆ ಹಸಿರು ಖಣ ಬೇಕು. ಯಾರ ಮನೆಯಲ್ಲಿ ಈ ವರ್ಷ ಮದುವೆ ಆಗುವುದಿಲ್ಲ, ಯಾಕೆಂದರೆ ಹತ್ತಿ ಹೋಯಿತು. ಯಾವ ಊರಿನ ಹೆಂಗಸರಿಗೆ ದೊಡ್ಡ ಅಂಚು ಇಷ್ಟ, ಯಾವ ಊರಿನವರಿಗೆ ಸಣ್ಣ ಅಂಚು. ಇದೆಲ್ಲ ಯಾವ ನಕಾಶೆಯಲ್ಲೂ ಇಲ್ಲ. ಅವರು ಹೋದ ಮೇಲೆ ಮೂರು ಊರುಗಳಿಂದ ಜನ ಮಣ್ಣಿಗೆ ಬಂದಿದ್ದರು. ಅವರಲ್ಲಿ ಹೆಚ್ಚಿನವರನ್ನು ನಾನು ನೋಡಿಯೇ ಇರಲಿಲ್ಲ.

ಅವರ ಸೈಕಲ್ ಇನ್ನೂ ಇದೆ. ಅಟ್ಟದ ಕೆಳಗೆ ನಿಂತಿದೆ.

ಹೊಳೆದಂಡೆ ಮಾಸ್ತರ

ನಿಮ್ಮ ಅಪ್ಪ ನಮ್ಮೂರಿಗೂ ಬಂದಿರಬಹುದು. ಶ್ರಾವಣದಲ್ಲಿ, ಪಂಚಮಿಗೆ ಮುಂಚೆ, ಖಣದವರ ಗಂಟೆ ಕೇಳಿದರೆ ಓಣಿಯ ಹೆಣ್ಣುಮಕ್ಕಳೆಲ್ಲ ಹೊರಗೆ ಬರುತ್ತಿದ್ದರು. ನಮ್ಮ ಮನೆಯವಳ ಟ್ರಂಕಿನಲ್ಲಿ ಗುಳೇದಗುಡ್ಡದ ಖಣ ಇನ್ನೂ ನಾಲ್ಕು ಇವೆ.

ನೀವು ಬರೆದದ್ದು ಒಳ್ಳೆಯದಾಯಿತು. ದುಡಿತದ ಸೈಕಲ್ಲನ್ನು ಮರೆತು ಈ ಮಾತು ಆಡಬಾರದು.

ನಾಲೆ ಏರಿ

ಖಣದ ಗಂಟು ಅವರೇ, ಆ ಸೈಕಲ್ಲಿಗೆ ಎಣ್ಣೆ ಬಿಡಿ. ಹೊಡೆಯಲೇಬೇಕು ಅಂತಲ್ಲ. ತುಕ್ಕು ಹಿಡಿಯಬಾರದು, ಅಷ್ಟೇ.

ಪಂಚರ್ ಪೆಟ್ಟಿಗೆ

ಎರೆಹೊಲ ಅವರಿಗೆ ಕೆಲಸಕ್ಕೆ ಬರುವ ನಾಲ್ಕು ಮಾತು. ನಾನು ಹುಬ್ಬಳ್ಳಿಯಲ್ಲಿ ಸೈಕಲ್ ರಿಪೇರಿ ಮಾಡುತ್ತೇನೆ, ನಮ್ಮ ಅಣ್ಣನ ಅಂಗಡಿ.

ನಿಮ್ಮ ಸೈಕಲ್ ಟ್ಯೂಬಿನ ವಾಲ್ ಯಾವುದು ನೋಡಿ. ಹಳ್ಳಿ ಅಂಗಡಿಯ ಪಂಪು ಹಳೇ ವಾಲ್‌ಗೆ ಕೂರುತ್ತದೆ, ಒಳಗೆ ರಬ್ಬರಿನ ವಾಲ್ ಟ್ಯೂಬ್ ಇರುತ್ತದಲ್ಲ, ಅದಕ್ಕೆ. ಬೈಕಿನ ವಾಲ್ ಆದರೆ ಗ್ಯಾರೇಜಿನಲ್ಲಿ ಗಾಳಿ ಸಿಗುತ್ತದೆ. ಹೊಸ ಸೈಕಲ್ಲುಗಳ ಸಣ್ಣ ಪ್ರೆಸ್ಟಾ ವಾಲ್ ಇದ್ದರೆ ಎರಡೂ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಬರುತ್ತದೆ, ಉಗುರಿನಷ್ಟು. ಅದನ್ನು ವಾಲ್‌ಗೇ ತಿರುಗಿಸಿ ಬಿಟ್ಟುಬಿಡಿ. ಜೇಬಿನಲ್ಲಿ ಇಟ್ಟರೆ ಬೇಕಾದಾಗ ಸಿಗುವುದಿಲ್ಲ.

ನೆರಳಿಗೆ ಅಂತ ಜಾಲಿ ಗಿಡದ ಕೆಳಗೆ ಸೈಕಲ್ ಒಯ್ಯಬೇಡಿ. ರಸ್ತೆ ಪಕ್ಕದ ಮಣ್ಣಿಗೂ ಇಳಿಸಬೇಡಿ, ನೆಗ್ಗಿಲ ಮುಳ್ಳು ಇರುತ್ತದೆ. ಒಂದೇ ಮುಳ್ಳಿಗೆ ಮೂರು ನಾಲ್ಕು ಮೊನೆ, ಹೇಗೆ ಬಿದ್ದರೂ ಒಂದು ಮೇಲಕ್ಕೆ. ಮುಳ್ಳು ಹೊಕ್ಕಿದ್ದು ಕಂಡರೆ ಕಿತ್ತುಹಾಕಿ ಟೈರಿನ ಒಳಗೂ ಬೆರಳಾಡಿಸಿ ನೋಡಿ. ಇಲ್ಲದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಅಕಾಲ ಮಳೆ ಬಂದರೆ ಎರೆ ದಾರಿಗೆ ಹೋಗಲೇಬೇಡಿ. ಮಣ್ಣು ಗಾಲಿಗೆ ಅಂಟಿ ಮಡ್‌ಗಾರ್ಡ್ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಆಮೇಲೆ ಸೈಕಲ್ ನಿಮ್ಮ ಹೆಗಲ ಮೇಲೆ. ಡಾಂಬರು ಹಿಡಿಯಿರಿ, ಇಲ್ಲಾ ಒಣಗುವವರೆಗೆ ಯಾರದಾದರೂ ಕಟ್ಟೆ ಮೇಲೆ ಕೂತಿರಿ.

ಟೈರು ತೀರಾ ಸಪೂರ ಬೇಡ, 35 ಮಿ.ಮೀ. ಮೇಲೆ ಇರಲಿ. ಗಾಳಿ ಕಲ್ಲಿನ ಹಾಗೆ ತುಂಬಿಸಬೇಡಿ.

ಇನ್ನು, ಹಳ್ಳಿ ಪಂಚರ್ ಅಂಗಡಿಯವರು ಗೇರಿನ ಸೈಕಲ್ ನೋಡಿ ಮೊದಲು ಹಿಂಜರಿಯುತ್ತಾರೆ. "ಇದು ನಮ್ಮ ಕೈಲಿ ಆಗೋದಿಲ್ಲ" ಅನ್ನಬಹುದು. ಚಕ್ರ ನೀವೇ ಬಿಚ್ಚಿ ಕೊಡಿ. ಆಮೇಲೆ ಅವರ ಕೈ ನೋಡಿ. ಬೋಗುಣಿಯ ನೀರಿನಲ್ಲಿ ಟ್ಯೂಬ್ ಅದ್ದಿ, ಗುಳ್ಳೆ ಬಂದಲ್ಲಿ ಹೆಬ್ಬೆರಳು ಒತ್ತಿ, ಒರೆಸಿ, ಅರದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ ಉಫ್ ಅಂತ ಊದಿ, ಒಣಗುವವರೆಗೆ ನಿಮ್ಮ ಊರು ಕೇಳುತ್ತಾರೆ. ಆ ಒಣಗುವ ಹೊತ್ತು ಸರಿಯಾಗಿ ಕೊಟ್ಟರೇ ತೇಪೆ ನಿಲ್ಲುವುದು. ನಮ್ಮ ಅಣ್ಣ ಕಲಿಸಿದ ಮೊದಲ ಪಾಠ ಅದು.

ಗಜನಿ ಗದ್ದೆ

ಕುಮಟೆಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಒಂದು ದಾರಿ ಹೇಳುತ್ತೇನೆ.

ಗೋಕರ್ಣದಿಂದ ಕುಮಟೆಗೆ ಬರಲು ಎಲ್ಲರೂ ಹೆದ್ದಾರಿ ಹಿಡಿಯುತ್ತಾರೆ. ಸೈಕಲ್ ಇದ್ದರೆ ತದಡಿಗೆ ಹೋಗಿ. ಅಲ್ಲಿಂದ ದೋಣಿಯಲ್ಲಿ ಸೈಕಲ್ ಸಮೇತ ಅಘನಾಶಿನಿ ದಾಟಬಹುದು. ಮೀನಿನ ಬುಟ್ಟಿ, ಶಾಲೆ ಮಕ್ಕಳು, ಬೈಕು, ಸೈಕಲ್ ಎಲ್ಲ ಒಟ್ಟಿಗೆ. ಹೊಳೆ ಸಮುದ್ರ ಸೇರುವ ಜಾಗ ಎಡಗಡೆಗೋ ಬಲಗಡೆಗೋ ಅಂತ ಯಾರೂ ಹೇಳಬೇಕಿಲ್ಲ, ಗಾಳಿಯ ಉಪ್ಪು ಹೇಳುತ್ತದೆ.

ಹಿನ್ನೀರಿನ ಗುಂಟ ಇರುವ ಗಜನಿ ಗದ್ದೆಗಳನ್ನು ನೋಡುತ್ತಾ ಬನ್ನಿ. ಉಬ್ಬರದ ಉಪ್ಪುನೀರು ನುಗ್ಗುವ ಗದ್ದೆ ಅವು. ಅಲ್ಲಿ ಬೆಳೆಯುವುದು ಕಗ್ಗ ಭತ್ತ, ಉಪ್ಪು ತಡೆಯುವ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಸೀಗಡಿ, ಮೀನು. ಸಾಣಿಕಟ್ಟೆಯ ಉಪ್ಪಿನ ಆಗರವೂ ಅಲ್ಲೇ ಹತ್ತಿರ. ಒಂದೇ ಹೊಳೆಯ ದಂಡೆಯಲ್ಲಿ ಭತ್ತ, ಮೀನು, ಉಪ್ಪು. ಕಾರಿನಲ್ಲಿ ಸೇತುವೆ ಮೇಲೆ ಬಂದರೆ ಹೊಳೆ ದಾಟಲು ಒಂದು ನಿಮಿಷವೂ ಬೇಡ.

ಹೊಳೆಗಳ ಲೆಕ್ಕದಲ್ಲಿ ನಮ್ಮ ಕರಾವಳಿ ಓದಬೇಕು. ಹೊನ್ನಾವರಕ್ಕೆ ಶರಾವತಿ, ಕುಮಟೆಗೆ ಅಘನಾಶಿನಿ, ಅಂಕೋಲೆಗೆ ಗಂಗಾವಳಿ, ಕಾರವಾರಕ್ಕೆ ಕಾಳಿ. ಪ್ರತಿ ಹೊಳೆ ದಾಟಿದಾಗ ಮಾತಿನ ಎಳೆತ ಸ್ವಲ್ಪ ಬದಲಾಗುತ್ತದೆ. ಮೀನು ಪಳದಿಯ ಹುಳಿಯೂ ಬದಲಾಗುತ್ತದೆ, ನಿಜವಾಗಿ.

ಹೊಸ ಪೆಡಲು

ನಾನು ಈಗಷ್ಟೇ ಶುರು ಮಾಡಿದ್ದೇನೆ. ಶಿವಮೊಗ್ಗದಲ್ಲಿದ್ದೇನೆ. ಆಗುಂಬೆ ಘಾಟಿ ಹತ್ತಬೇಕು ಅಂತ ಆಸೆ. ಆಗುತ್ತದಾ? ಮಳೆಗಾಲದಲ್ಲಿ ಹೋಗಬಹುದಾ?

ನಾಲೆ ಏರಿ

ಆಗುತ್ತದೆ. ನಾನು ಹೋಗಿದ್ದೇನೆ. ಆದರೆ ಮೊದಲ ಸಲವೇ ಘಾಟಿಗೆ ಹೋಗಬೇಡಿ. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ತುಂಗೆಯ ಜೊತೆಜೊತೆಗೇ ಹೋಗುವ ರಸ್ತೆ ಇದೆಯಲ್ಲ, ಅದರಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆವರೆಗೆ ಹೋಗಿ ಬನ್ನಿ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ಗೂಡು ಕಟ್ಟುವ ಕಾಲ ಮಳೆಗಾಲವೇ. ರಸ್ತೆ ಪಕ್ಕದಲ್ಲೇ ಕಾಣುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಎರೆಹೊಲ ಅವರ ಗದಗಿನ ಕಡೆ ಅದರ ಹತ್ತನೇ ಒಂದು ಪಾಲೂ ಬೀಳುವುದಿಲ್ಲ. ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳು, ಮಂಜು, ಜಾರುವ ಪಾಚಿ. ಮೊದಲ ಸಲ ನವೆಂಬರ್‌ನಲ್ಲಿ ಹೋಗಿ. ಹೆಬ್ರಿ, ಸೋಮೇಶ್ವರ ಕಡೆಯಿಂದ ಹತ್ತಿರಿ. ಇಳಿಯುವುದಕ್ಕಿಂತ ಹತ್ತುವುದು ಕ್ಷೇಮ. ಪ್ರತಿ ತಿರುವಿಗೂ ಒಂದು ಸಲ ನಿಂತು ಉಸಿರು ತಗೊಳ್ಳಿ. ಕೆಳಗೆ ಬೆವರು, ಮೇಲಿನ ತಿರುವುಗಳಲ್ಲಿ ಚಳಿ. ಮೈಗೆ ಅದು ತಿರುವು ತಿರುವಿಗೂ ಗೊತ್ತಾಗುತ್ತದೆ.

ಎರೆಹೊಲ

ಬನಶಂಕರಿಯಿಂದ ಬರೆಯುತ್ತಿದ್ದೇನೆ. ಫೋನಿನಲ್ಲಿ ಬರೆಯುವುದು, ತಪ್ಪಿದ್ದರೆ ಕ್ಷಮಿಸಿ.

ಹೊರಡುವ ಮೊದಲು ಮಾಸ್ತರ ಸರ್ ಊರಿಗೆ ಹೋಗಿದ್ದೆ. ಅವರು ತೋರಿಸುತ್ತೇನೆ ಅಂದಿದ್ದ ಗೋಡೆ ಅವರ ಹಳೇ ಮನೆಯದು. ಈಗ ಅಲ್ಲಿ ಯಾರೂ ಇಲ್ಲ. 2009ರ ಹೊಳೆ ಬಂದ ಮೇಲೆ ಊರನ್ನೇ ಎತ್ತರದ ಜಾಗಕ್ಕೆ ಒಯ್ದರು. ಹಳೇ ಮನೆಯ ಗೋಡೆಯ ಮೇಲೆ ನನ್ನ ಭುಜದ ಎತ್ತರಕ್ಕೆ ಕೆಸರಿನ ಗೆರೆ. ಅದಕ್ಕಿಂತ ಒಂದು ಗೇಣು ಕೆಳಗೆ ಇನ್ನೊಂದು ಗೆರೆ, 2019ರ ಆಗಸ್ಟಿನದು. ಎರಡು ಗೆರೆಗಳ ನಡುವೆ ಮಕ್ಕಳ ಎತ್ತರ ಗುರುತು ಮಾಡಿದ ಇದ್ದಿಲ ಗೀಟುಗಳು ಇನ್ನೂ ಮಸುಕಾಗಿ ಕಾಣುತ್ತವೆ. ಸರ್ ಅದರ ಮೇಲೆ ಕೈಯಾಡಿಸುತ್ತಾ ನಿಂತರು. ನಾನು ಏನೂ ಕೇಳಲಿಲ್ಲ. ಹೊರಡುವಾಗ ಸೈಕಲ್ಲಿನ ಗಾಳಿ ಅವರೇ ಹೆಬ್ಬೆರಳಿನಿಂದ ಒತ್ತಿ ನೋಡಿದರು. "ಸರಿ ಐತಿ, ಹೋಗ್ ಬಾ" ಅಂದರು.

ಹೊಳೆಗೆ ಹೋಗುವ ದಾರಿಯಲ್ಲಿ ಮಾಡಲಗೇರಿಯ ಹಳಿಬಂಡಿ ಸಿಕ್ಕಿತು. ಬನಶಂಕರಿಯ ತೇರಿನ ಹಗ್ಗ ಪ್ರತಿ ವರ್ಷ ನಮ್ಮ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಈ ಬಂಡಿಯಲ್ಲೇ ಹೋಗುತ್ತದೆ. ಸಣ್ಣವನಿದ್ದಾಗ ನೋಡಿದ್ದೆ. ಎತ್ತುಗಳು, ಸುತ್ತ ಜನ, ಮುಂದೆ ಬಾಜಿ. ದಾಟಿ ಹೋಗಲು ಮನಸ್ಸಾಗಲಿಲ್ಲ. ಹಿಂದೆಯೇ ಸೈಕಲ್ ಹೊಡೆದೆ. ಆ ನಡಿಗೆಗೆ ಸೈಕಲ್ ಕೂಡ ಜೋರು, ತೂಗಾಡಿ ಬೀಳುವ ಹಾಗಾಯಿತು. ಇಳಿದು ತಳ್ಳಿಕೊಂಡು ನಡೆದೆ.

ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಮುದುಕಪ್ಪ ನನ್ನ ಕ್ಯಾರಿಯರ್ ನೋಡಿದರು. "ಖಾಲಿ ಐತೇನಪ್ಪಾ?" ಅಂದರು. ತಮ್ಮ ಬುತ್ತಿ ಚೀಲ ಇಟ್ಟರು. ಅದನ್ನು ನೋಡಿ ಇನ್ನೊಬ್ಬರು ಕಂಬಳಿ ಇಟ್ಟರು. ಆಮೇಲೆ ಒಬ್ಬ ತಾಯಿ ಕೂಸಿನ ಬಟ್ಟೆಯ ಗಂಟು ಹ್ಯಾಂಡಲಿಗೆ ತೂಗುಹಾಕಿದಳು. ಹೊಳೆ ದಾಟುವಾಗ ನನ್ನ ಸೈಕಲ್ ನೋಡಿದರೆ ಖಣದ ಗಂಟು ಅವರ ಅಪ್ಪನ ನೆನಪಾಗುವ ಹಾಗಿತ್ತು. ಅಷ್ಟು ಭಾರ ತಳ್ಳಿದ್ದು ಮೂರು ನಾಲ್ಕು ಕಿ.ಮೀ. ಮಾತ್ರ. ರಟ್ಟೆ ಸೋತಿದೆ. ಅವರು ದಿನವೂ ಹೇಗೆ ಹೊತ್ತರೋ ಅಂತ ದಾರಿಯುದ್ದಕ್ಕೂ ಯೋಚಿಸಿದೆ.

ಮಾಸ್ತರ ಸರ್ ಹೇಳಿದ ಮಣ್ಣಿನ ಬಣ್ಣ ಹೊಳೆ ದಾಟಿದ ಮೇಲೆ ನಿಜವಾಗಿಯೂ ಬದಲಾಯಿತು. ಒಂದು ಹಿಡಿ ಈಚೆ ದಂಡೆಯದು, ಒಂದು ಹಿಡಿ ಆಚೆಯದು, ಎರಡು ಪೊಟ್ಟಣ ಕಟ್ಟಿಕೊಂಡಿದ್ದೇನೆ.

ಜಾತ್ರೆ ಭರ್ತಿ ನಡೆದಿದೆ. ಬಾಗಿಲು ಚೌಕಟ್ಟುಗಳ ಸಾಲು, ನಾಟಕ ಕಂಪನಿಗಳ ಟೆಂಟು, ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪುಂಡಿಪಲ್ಯ, ಗಡಿಗೆ ಮೊಸರು ಕೊಡುವ ತಾಯಂದಿರು. ಮುದುಕಪ್ಪ ಬುತ್ತಿ ಚೀಲ ತಗೊಳ್ಳುವಾಗ ಒಳಗಿಂದ ಒಂದು ಕಟಕ್ ರೊಟ್ಟಿ ತೆಗೆದು ಶೇಂಗಾ ಹಿಂಡಿ ಹಚ್ಚಿ ಕೈಗೆ ಕೊಟ್ಟರು. ಅದನ್ನು ತಿನ್ನುತ್ತಲೇ ಇದನ್ನು ಬರೆಯುತ್ತಿದ್ದೇನೆ.

ತೇರು ಮುಗಿಸಿ ನಾಡಿದ್ದು ಬೆಳಗ್ಗೆ ಪಟ್ಟದಕಲ್ಲಿಗೆ. ಬಾದಾಮಿಯಿಂದ 22 ಕಿ.ಮೀ. ಗಾಳಿ ಏಳುವ ಮೊದಲು ಮುಟ್ಟಬೇಕು, ಆರಕ್ಕೇ ಹೊರಡುತ್ತೇನೆ. ಪಂಚರ್ ಪೆಟ್ಟಿಗೆ ಅವರೇ, ಅಡಾಪ್ಟರ್ ವಾಲ್‌ಗೇ ತಿರುಗಿಸಿದ್ದೇನೆ.